ಹಾಯ್ಟ್ ಬ್ರ್ಯಾನಮ್ ಬರೆಯದ ಕಾರ್ಡು

ಈಸ್ಟರ್ ಕಳೆದು ನಾಲ್ಕನೆಯ ದಿನ, ಗುರುವಾರ ಬೆಳಗ್ಗೆ, ಹಾಯ್ಟ್ ಬ್ರ್ಯಾನಮ್ ಬಾಗಿಲು ತಟ್ಟದೆ ಫಿಲ್ಮ್ ಕೋಣೆಯೊಳಗೆ ಬಂದು ಮೇಜಿನ ಮೇಲೆ ಟೈಪು ಮಾಡಿದ ಒಂದು ಹಳದಿ ಕಾರ್ಡನ್ನಿಟ್ಟ. ಸರೋವರದ ಕಡೆಯಿಂದ ಬೀಸುವ ಗಾಳಿಗೆ ಅವನ ಕಿವಿಗಳು ಕೆಂಪಾಗಿದ್ದವು. ಟೋಪಿ ತೆಗೆಯುವುದನ್ನೂ ಮರೆತಿದ್ದ.

"ಒಡೆಸ್ಸಾ, ಇದರ ಕೆಳಗಿರೋ ಹೆಸರು ನಂದು," ಎಂದ. "ಮೇಲಿರೋ ಮಾತು ನಂದಲ್ಲ."

ಏಣಿ ಹತ್ತಿ ಟ್ಯೂಬ್‌ಲೈಟ್ ಬದಲಿಸುತ್ತಿದ್ದ ಕ್ಯಾಸ್ ಡುಡೆಕ್ ಕೈ ತಡೆದು ಕೆಳಗೆ ನೋಡಿದ. ಟೊಲೀಡೊ ಪೈಲಟ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಕಟ್ಟಡವನ್ನು ಹತ್ತೊಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದವನು ಅವನು. ನಲ್ಲಿ, ದೀಪ, ಬೀಗ, ಚಳಿಗಾಲದಲ್ಲಿ ಮೆಟ್ಟಿಲ ಮೇಲಿನ ಹಿಮ ಎಲ್ಲವೂ ಅವನ ಪಾಲಿಗೆ. ಕಟ್ಟಡದಲ್ಲಿ ಯಾರಿಗಾದರೂ ಬಿಡಿಸಲಾಗದ ತೊಡಕು ಬಂದರೆ ಅವರು ಹೋಗುವುದು ಆಫೀಸಿಗಲ್ಲ, ಫಿಲ್ಮ್ ಕೋಣೆಗೆ ಎಂಬುದನ್ನು ಅವನು ಬಲ್ಲ. ಅಲ್ಲಿ ಪಂದ್ಯಗಳ ಫಿಲ್ಮ್ ಸುರುಳಿಗಳನ್ನೂ ಆಟಗಾರರ ಬಗ್ಗೆ ಬರೆದ ಹಳೆಯ ಕಾರ್ಡುಗಳನ್ನೂ ಕಾಯುತ್ತ ಕೂತಿರುತ್ತಿದ್ದವಳು ಒಡೆಸ್ಸಾ ಪ್ರೂಯಿಟ್. ಅರವತ್ತೆರಡು ವರ್ಷದ ಕರಿಯ ಹೆಂಗಸು, ಹಿಂದೆ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದವಳು. ತಂಡದ ಆಟಗಾರನೊಬ್ಬನಿಗೆ ಹೆಸರಿಲ್ಲದ ಬೆದರಿಕೆ ಪತ್ರಗಳು ಬಂದಾಗ ಬರೆದವರನ್ನು ಪೊಲೀಸರಿಗಿಂತ ಮೊದಲು ಹಿಡಿದುಕೊಟ್ಟವಳು ಅವಳೇ. ಒಂದೇ ಆಟವನ್ನು ಇಪ್ಪತ್ತು ಸಲ ಹಿಂದೆ ಸುತ್ತಿ ನೋಡುವ ಅಭ್ಯಾಸ ಅವಳ ಕಣ್ಣಿಗೆ ಹತ್ತಿತ್ತು. ಅಂಥ ಪ್ರತಿ ಸಂದರ್ಭದಲ್ಲೂ ಟಾರ್ಚೋ ಏಣಿಯೋ ಹಿಡಿದು ಜೊತೆಗಿದ್ದವನು ಕ್ಯಾಸ್.

"ಟೋಪಿ ತೆಗೆದು ಕೂತ್ಕೋ ಹಾಯ್ಟ್," ಎಂದಳು ಒಡೆಸ್ಸಾ. "ಕ್ಯಾಸ್, ಇಳಿದು ಬಂದು ಇದನ್ನ ಓದು. ನನ್ನ ಕನ್ನಡಕ ಆಚೆ ಇದೆ."

ಕನ್ನಡಕ ಅವಳ ಮೂಗಿನ ಮೇಲೇ ಇತ್ತು. ಇನ್ನೊಬ್ಬರ ಬಾಯಿಂದ ಕೇಳಿಸಿಕೊಳ್ಳುವುದು ಅವಳ ಪದ್ಧತಿ. ಕ್ಯಾಸ್ ಕೈ ಒರೆಸಿಕೊಂಡು ಓದಿದ:

"ಏಪ್ರಿಲ್ 1985. ಕರ್ಟ್ ಸ್ಟ್ರಿಕ್ಲರ್, ಕ್ವಾರ್ಟರ್‌ಬ್ಯಾಕ್. 6034, 214. ತೋಳಿನಲ್ಲಿ ಬಲವಿದೆ, ಮನಸ್ಸಿನಲ್ಲಿ ಅಳುಕಿಲ್ಲ. ಕಣ್ಣುಮುಚ್ಚಿ ಆರಿಸಬಹುದು. ಎಚ್. ಬ್ರ್ಯಾನಮ್."

ಸ್ಟ್ರಿಕ್ಲರ್ ಎಂಬ ಹೆಸರು ಕೇಳಿದರೆ ಟೊಲೀಡೊದಲ್ಲಿ ಈಗಲೂ ಜನ ಮುಖ ತಿರುಗಿಸುತ್ತಾರೆ. ಆರು ವರ್ಷದ ಕೆಳಗೆ ಪೈಲಟ್ಸ್ ತಂಡ ಮೊದಲ ಸುತ್ತಿನಲ್ಲೇ ಆರಿಸಿಕೊಂಡ ಆ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಎರಡು ವರ್ಷ ಎದುರಾಳಿಗಳ ಕೈಗೆ ಚೆಂಡು ಎಸೆದು, ತನ್ನ ಕಡೆಯವರನ್ನೇ ಬೈದು, ಮೂರನೆಯ ವರ್ಷ ಆಟ ಬಿಟ್ಟು ಹೋದ. ಅದೇ ಸುತ್ತಿನಲ್ಲಿ ಪೈಲಟ್ಸ್ ಬಿಟ್ಟುಕೊಟ್ಟ ಡೆಲ್ರಾಯ್ ಹೈನ್ಸ್ ಎಂಬ, ಚೆಂಡು ಹಿಡಿದು ಓಡುವ ಆಟಗಾರ ಬೇರೆ ತಂಡಕ್ಕೆ ಹೋಗಿ ದೇಶಕ್ಕೆಲ್ಲ ಹೆಸರಾದ. ಅಂದಿನಿಂದ ಪೈಲಟ್ಸ್ ಮೇಲೇಳಲಿಲ್ಲ.

ಹಾಯ್ಟ್ ಹೇಳಿದ್ದಿಷ್ಟು. ಇನ್ನು ಹದಿನೇಳು ದಿನಕ್ಕೆ ಈ ವರ್ಷದ ಡ್ರಾಫ್ಟ್, ಅಂದರೆ ಎಲ್ಲ ತಂಡಗಳೂ ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ದಿನ. ಹೋದ ವರ್ಷ ಎಲ್ಲರಿಗಿಂತ ಹೆಚ್ಚು ಸೋತದ್ದರಿಂದ ಮೊದಲ ಸರದಿ ಪೈಲಟ್ಸ್‌ನದು. ತಂಡದ ಒಡತಿ ಮಿಸೆಸ್ ಲಿಂಡ್‌ಕ್ವಿಸ್ಟ್ ಈ ಸಲ ಹಟ ಹಿಡಿದಿದ್ದಳು: ಹತ್ತು ವರ್ಷದಲ್ಲಿ ಯಾರ ಮಾತು ಕೇಳಿ ಯಾರನ್ನು ಆರಿಸಿದೆವು, ಅವರು ಮುಂದೆ ಏನಾದರು, ಎಲ್ಲ ತೂಗಿ ನೋಡಿ, ಯಾರ ಕಣ್ಣು ನಿಜವೋ ಅವರೇ ಇನ್ನು ಆಯ್ಕೆಯ ಮುಖ್ಯಸ್ಥರು, ಅವರು ಬೇಡವೆಂದ ಆಟಗಾರ ತಂಡಕ್ಕೆ ಬರಕೂಡದು. ಊರೂರು ಅಲೆದು ಆಟಗಾರರನ್ನು ತೂಗುವ ಹಿರಿಯ ಸ್ಕೌಟ್‌ಗಳು ಇದ್ದದ್ದು ಇಬ್ಬರೇ, ಹಾಯ್ಟ್ ಬ್ರ್ಯಾನಮ್ ಮತ್ತು ಗ್ಲೆನ್ ಮೆರಿಕ್. ಲೆಕ್ಕ ಮುಗಿದಿತ್ತು. ಸ್ಟ್ರಿಕ್ಲರ್ ಮತ್ತು ಹೈನ್ಸ್ ಇವರಿಬ್ಬರನ್ನು ಬಿಟ್ಟರೆ ಉಳಿದ ಆಟಗಾರರ ವಿಷಯದಲ್ಲಿ ಇಬ್ಬರೂ ಸರಿಸಮ. ಆದರೆ ಕಾರ್ಡುಗಳ ಪ್ರಕಾರ ಸ್ಟ್ರಿಕ್ಲರ್ ಬೇಕು, ಹೈನ್ಸ್ ಬೇಡ ಎಂದವನು ಹಾಯ್ಟ್. ಸ್ಟ್ರಿಕ್ಲರ್ ಬೇಡ, ಹೈನ್ಸ್ ಬೇಕು ಎಂದವನು ಗ್ಲೆನ್. ಸೋಮವಾರ ಬೆಳಗ್ಗೆ ಹತ್ತಕ್ಕೆ ಒಡತಿ ಬಂದು ತೀರ್ಮಾನ ಹೇಳಿದರೆ ಗ್ಲೆನ್ ಮುಖ್ಯಸ್ಥ, ಹಾಯ್ಟ್ ಮನೆಗೆ ಹೋಗಬೇಕು.

"ಮನೆಗೆ ಹೋಗೋದಕ್ಕೆ ನಂಗೆ ಬೇಜಾರಿಲ್ಲ," ಎಂದ ಹಾಯ್ಟ್. "ಅರವತ್ತೊಂಬತ್ತು ಆಯ್ತು, ಎಂದಾದ್ರೂ ಹೋಗ್ಲೇಬೇಕು. ಆದ್ರೆ ಇದನ್ನ ನೋಡು." ಕೋಟಿನ ಜೇಬಿನಿಂದ ಇನ್ನೊಂದು ಕಾರ್ಡು ತೆಗೆದ. ಅದೂ ಸ್ಟ್ರಿಕ್ಲರ್‌ನದೇ, ಕೆಳಗೆ ಗ್ಲೆನ್ ಮೆರಿಕ್ ಹೆಸರು. "'ಇವನು ಕೆಳಗೆ ಬಿದ್ದಾಗ ಮೊದಲು ನೋಡುವುದು ಚೆಂಡನ್ನಲ್ಲ, ಯಾರನ್ನು ಬೈಯಬೇಕು ಅನ್ನುವುದನ್ನು.' ಇದು ನನ್ನ ಮಾತು, ಒಡೆಸ್ಸಾ. ಮಿಸಿಸಿಪ್ಪಿಯಲ್ಲಿ, ಮಳೇಲಿ, ತಗಡಿನ ಚಾವಣಿ ಕೆಳಗೆ ಕೂತು ಬರೆದಿದ್ದೆ. ಗ್ಲೆನ್ ಹೆಸರಿಗೆ ಹೇಗೆ ಹೋಯ್ತು?"

ಅವನ ಕೈಬರಹದ ಪುಸ್ತಕಗಳೆಲ್ಲಿ ಎಂದು ಒಡೆಸ್ಸಾ ಕೇಳಿದಳು. ಮೂರು ವರ್ಷದ ಹಿಂದೆ ನೆಲಮಾಳಿಗೆಗೆ ನೀರು ನುಗ್ಗಿ ಎಲ್ಲ ಹೋಗಿದ್ದವು. ಆಫೀಸಿಗೆ ಕೊಟ್ಟ ಕೈಬರಹದ ಹಾಳೆಗಳೋ, ಬೇರೆ ತಂಡದವರ ಕಣ್ಣಿಗೆ ಬೀಳಬಾರದೆಂದು ಟೈಪಾದ ಕೂಡಲೇ ಸುಟ್ಟುಬಿಡುವುದು ರೂಢಿ. ಆಗಿನ ಮ್ಯಾನೇಜರ್ ಸತ್ತಿದ್ದ. ಆಗ ತಂಡದ ಒಡೆಯನಾಗಿದ್ದ ಒಡತಿಯ ಗಂಡ ಸತ್ತಿದ್ದ. ಆಗಿನ ಕೋಚ್ ಎಲ್ಲಿದ್ದಾನೋ ಯಾರಿಗೂ ತಿಳಿಯದು. ಆ ದಿನ ಡ್ರಾಫ್ಟ್ ಕೋಣೆಯ ಬಾಗಿಲ ಹಿಂದೆ ನಡೆದ ಜಗಳ ಬಲ್ಲವರು ಉಳಿದದ್ದು ಹಾಯ್ಟ್ ಮತ್ತು ಗ್ಲೆನ್, ಇಬ್ಬರೇ.

"ಗ್ಲೆನ್ ಏನಂತಾನೆ?"

"ಕಾರ್ಡು ಏನು ಹೇಳುತ್ತೋ ಅದೇ ಅಂತಾನೆ. ನನ್ನ ಮುಖ ನೋಡಿ ಹೇಳಲಿಲ್ಲ. ಮ್ಯಾನೇಜರ್ ಹಾಲೊವೇ ಮಾತ್ರ ನನ್ನ ಭುಜ ತಟ್ಟಿ, ವಯಸ್ಸಾದ ಮೇಲೆ ಎಲ್ಲರಿಗೂ ಮರೆವು ಸಹಜ ಅಂದ." ಹಾಯ್ಟ್ ಆ ಕಾರ್ಡನ್ನೂ ಮೊದಲಿನದರ ಪಕ್ಕಕ್ಕಿಟ್ಟ. "ನಿಜ ಹೇಳ್ಲಾ? ನಿನ್ನೆಯೆಲ್ಲ ನಂಗೇ ಅನುಮಾನ ಬಂತು. ನಾನೇ ಬರೆದು ಮರೆತಿದೀನೇನೋ ಅಂತ. ಅದನ್ನ ಹೇಳೋಕೇ ನಿನ್ನ ಹತ್ರ ಬಂದೆ."

ಆ ಮಾತು ಕ್ಯಾಸ್‌ನ ಎದೆಗೆ ನಾಟಿತು. ದಕ್ಷಿಣದ ಒಂದೊಂದು ಕಾಲೇಜಿನ ಅಡಿಗೆಯವಳ ಹೆಸರನ್ನೂ ನೆನಪಿಟ್ಟುಕೊಂಡಿದ್ದ ಮನುಷ್ಯ ತನ್ನ ತಲೆಯನ್ನೇ ನಂಬದಂತಾಗಿದ್ದ.

ಹಾಯ್ಟ್ ಹೋದ ಮೇಲೆ ಒಡೆಸ್ಸಾ ಕಾರ್ಡುಗಳ ಕಪಾಟಿನ ಬೀಗ ತೆಗೆದಳು. ಕೀಲಿ ಇರುತ್ತಿದ್ದದ್ದು ಬಾಗಿಲ ಹಿಂದಿನ ಮೊಳೆಯಲ್ಲಿ; ಕಟ್ಟಡದಲ್ಲಿ ಅದನ್ನು ತಿಳಿಯದವರಿರಲಿಲ್ಲ. ಲೆಕ್ಕಕ್ಕೆಂದು ಮಾರ್ಚ್ ಮೊದಲರ್ಧದಲ್ಲೆಲ್ಲ ಕಾರ್ಡಿನ ಪೆಟ್ಟಿಗೆಗಳು ಮೇಲಕ್ಕೂ ಕೆಳಕ್ಕೂ ಓಡಾಡಿದ್ದವು. ಅವಳು 1985ರ ಪೆಟ್ಟಿಗೆಯಿಂದ ನಲವತ್ತು ಕಾರ್ಡು ತೆಗೆದು, ಹಾಯ್ಟ್ ಬಿಟ್ಟುಹೋದ ಎರಡನ್ನೂ ಸೇರಿಸಿ, ಒಂದೊಂದಾಗಿ ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿದು ನೋಡಿದಳು. ಓದುತ್ತಿರಲಿಲ್ಲ, ಬರೀ ನೋಡುತ್ತಿದ್ದಳು. ನೋಡಿದ್ದನ್ನು ಎರಡು ಗುಡ್ಡೆ ಮಾಡಿದಳು. ಒಂದರಲ್ಲಿ ಮೂವತ್ತೆಂಟು. ಇನ್ನೊಂದರಲ್ಲಿ ನಾಲ್ಕು: ಸ್ಟ್ರಿಕ್ಲರ್ ಮೇಲೆ ಎರಡು, ಹೈನ್ಸ್ ಮೇಲೆ ಎರಡು.

"ಕ್ಯಾಸ್, ಡ್ರಾಫ್ಟ್ ಕೋಣೆಯ ಹಳೇ ಹಲಗೆ ಏನಾಯ್ತು?"

"ಆ ಬೆಂಡಿನ ಹಲಗೇನಾ? ಎಂಬತ್ತೆಂಟರಲ್ಲಿ ನಾನೇ ಬಿಚ್ಚಿ ಕಬ್ಬಿಣದ ಬಿಳಿ ಹಲಗೆ ಹಾಕಿದ್ನಲ್ಲ, ಅಯಸ್ಕಾಂತ ಅಂಟೋದು. ಹಳೇದು ನಮ್ಮನೇಲಿದೆ. ಚರ್ಚಿನ ಊಟದ ಪಟ್ಟಿ, ಮೊಮ್ಮಕ್ಕಳ ಚಿತ್ರ, ಎಲ್ಲ ಹಲೀನಾ ಅದರ ಮೇಲೇ ಚುಚ್ಚಿಡ್ತಾಳೆ. ಯಾಕೆ?"

ಹಲಗೆಯನ್ನು ಒಂದು ದಿನದ ಮಟ್ಟಿಗೆ ಅವನ ಹೆಂಡತಿ ಹಲೀನಾಳಿಂದ ಕೇಳಿ ತರಬಹುದೇ ಎಂದಷ್ಟೇ ಒಡೆಸ್ಸಾ ಕೇಳಿದಳು.

ಅಷ್ಟರಲ್ಲಿ ಮ್ಯಾನೇಜರ್ ಡೀನ್ ಹಾಲೊವೇ ಒಳಗೆ ಬಂದ. ನಲವತ್ತನಾಲ್ಕರ ಚುರುಕು ಮನುಷ್ಯ, ಪಶ್ಚಿಮ ತೀರದ ತಂಡವೊಂದರಿಂದ ಹೋದ ವರ್ಷವಷ್ಟೇ ಬಂದವನು. ಗುಡ್ಡೆಗಳನ್ನು ನೋಡಿ ನಕ್ಕ. ಹಾಯ್ಟ್ ಬಂದು ಅತ್ತನೇ ಎಂದು ವಿಚಾರಿಸಿದ. ಮುದುಕನ ಮೇಲೆ ತನಗೂ ಪ್ರೀತಿಯಿದೆ, ಆದರೆ ಕಾರ್ಡು ತಿದ್ದಿದ್ದಾರೆ ಎಂಬ ಗಲಾಟೆ ಎದ್ದರೆ ಮೊದಲು ಕೇಳುವುದು ಕೀಲಿ ಯಾರ ವಶದಲ್ಲಿತ್ತು ಎಂದು, ಅದು ಒಡೆಸ್ಸಾಳಿಗೇ ತೊಂದರೆ ಎಂದು ಮೃದುವಾಗಿಯೇ ಎಚ್ಚರಿಸಿದ. ಹೊರಡುವ ಮುಂಚೆ ತನಗೆ ಬೇಕಾದ ಫಿಲ್ಮ್‌ಗಳ ಚೀಟಿ ಮೇಜಿನ ಮೇಲಿಟ್ಟ.

ಕ್ಯಾಸ್ ಚೀಟಿ ನೋಡಿದ. 'ರೋರಿ ಮ್ಯಾಕಿ, ಕ್ವಾರ್ಟರ್‌ಬ್ಯಾಕ್, 6042, 231. ಕೊನೆಯ ಮೂರು ಪಂದ್ಯ.'

"ಇದೇನು, ಫೋನ್ ನಂಬರಾ?"

"ಎತ್ತರ ಕಣೋ. ಆರಡಿ ನಾಲ್ಕಂಗುಲ, ಅದರ ಮೇಲೆ ಎಂಟರಲ್ಲಿ ಎರಡು ಭಾಗ. ಅವರ ಹಳೇ ತಂಡದಲ್ಲಿ ಹೀಗೇ ಬರೀತಿದ್ರಂತೆ. ಅವರು ಬಂದ ಹೊಸದರಲ್ಲಿ ನಂಗೂ ಗೊತ್ತಾಗದೆ ಹೋಗಿ ಕೇಳಿದ್ದೆ." ಒಡೆಸ್ಸಾ ಚೀಟಿಯನ್ನು ಮಡಚಿ ಪುಸ್ತಕದೊಳಗಿಟ್ಟಳು. ಮ್ಯಾಕಿ ಎಂಬ ಓಹಾಯೋ ಹುಡುಗನನ್ನು ಈ ಸಲದ ಮೊದಲ ಸರದಿಯಲ್ಲೇ ತರಬೇಕೆಂದು ಹಾಲೊವೇ ಪಣ ತೊಟ್ಟಿದ್ದಾನೆ, ಹಾಯ್ಟ್ ಮಾತ್ರ ಬೇಡವೆನ್ನುತ್ತಿದ್ದಾನೆ ಎಂಬುದು ಕಟ್ಟಡಕ್ಕೆಲ್ಲ ಗೊತ್ತಿದ್ದ ಸಂಗತಿ.

ಮಧ್ಯಾಹ್ನ ಕ್ಯಾಸ್ ತಂದಿದ್ದ ಹಬ್ಬದ ಹ್ಯಾಮ್ ಚೂರುಗಳನ್ನು ಇಬ್ಬರೂ ತಿಂದು ಮೇಲಿನ ಮಹಡಿಗೆ ಹೋದರು. ಹತ್ತು ವರ್ಷದ ಲೆಕ್ಕ ಹಾಕಿದ್ದು ನೀಲ್ ಅಬ್ರಮ್ಸ್. ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ ಫೆಬ್ರವರಿಯಲ್ಲಿ ಕೆಲಸಕ್ಕೆ ಸೇರಿದವನು, ಚೆಂಡನ್ನು ಎಂದೂ ಮುಟ್ಟದವನು. ತನ್ನ ಪಟ್ಟಿಯನ್ನು ಬಲು ಅಕ್ಕರೆಯಿಂದ ತೋರಿಸಿದ. ಯಾರು ಸರಿ, ಯಾರು ತಪ್ಪು ಎಂಬುದು ತನಗೆ ಮುಖ್ಯವಲ್ಲ, ಕಾರ್ಡು ಬಂದ ಹಾಗೆ ಬರೆದುಕೊಂಡೆ ಎಂದ. ಆಟಗಾರರ ಎತ್ತರವನ್ನೆಲ್ಲ ಅಂಗುಲಕ್ಕೆ ಇಳಿಸಿ ಬರೆದಿದ್ದ. ನಾಲ್ಕು ಕಡೆ ಮಾತ್ರ ಜಾಗ ಖಾಲಿ, ಪಕ್ಕದಲ್ಲೊಂದು ಪ್ರಶ್ನೆ ಗುರುತು.

"ಅವು ಅರ್ಥ ಆಗ್ಲಿಲ್ಲ ಮೇಡಂ," ಎಂದ ಸಂಕೋಚದಿಂದ. "ಟೈಪ್ ಮಾಡೋವಾಗ ತಪ್ಪಾಗಿರಬೇಕು ಅಂದ್ಕೊಂಡೆ. ತೀರ್ಮಾನಕ್ಕೆ ಎತ್ತರ ಬೇಕಿರಲಿಲ್ಲ, ಬಿಟ್ಬಿಟ್ಟೆ."

ಆಮೇಲೆ ಟೈಪಿಸ್ಟ್ ನಾರ್ಮಾ ಫಿಚ್‌ಳ ಮೇಜು. ಹದಿನಾಲ್ಕು ವರ್ಷದಿಂದ ಎಲ್ಲ ಕಾರ್ಡುಗಳೂ ಅವಳ ಒಂದೇ ಯಂತ್ರದಲ್ಲಿ ಟೈಪಾಗಿದ್ದವು. ಖಾಲಿ ಕಾರ್ಡುಗಳ ಕಟ್ಟು ಕೆಳಗಿನ ಖಾನೆಯಲ್ಲಿ, ಬೀಗವಿಲ್ಲ. ನಾಲ್ಕೂವರೆಗೆ ಮನೆಗೆ ಹೋದ ಮೇಲೆ ಯಾರು ಬೇಕಾದರೂ ಬಂದು ಕೂರಬಹುದು. ಹಳೆಯ ಕಾರ್ಡಿನ ಮಾತು ನೆನಪಿದೆಯೇ ಎಂದರೆ ಅವಳು ನಕ್ಕಳು. ವರ್ಷಕ್ಕೆ ಎಂಟುನೂರು ಕಾರ್ಡು, ಬೆರಳಿಗೆ ಗೊತ್ತು, ತಲೆಗೆ ಗೊತ್ತಿಲ್ಲ. ಆದರೆ ಡ್ರಾಫ್ಟ್ ದಿನಗಳಲ್ಲಿ ಆ ಕಾರ್ಡುಗಳಿಗೆಂದು ತಾನೆಷ್ಟು ಗುಂಡುಪಿನ್ ಡಬ್ಬಿ ತರಿಸಿಕೊಡುತ್ತಿದ್ದೆ ಎಂಬುದು ಮಾತ್ರ ಮರೆತಿಲ್ಲ ಎಂದಳು.

ಗ್ಲೆನ್ ಮೆರಿಕ್ ಕೊನೆಗೆ ಸಿಕ್ಕಿದ್ದು ಶುಕ್ರವಾರ ಸಂಜೆ, ಕಾರು ನಿಲ್ಲಿಸುವ ಜಾಗದಲ್ಲಿ. ಐವತ್ತೆಂಟರ ದಪ್ಪ ಮನುಷ್ಯ, ಹಾಯ್ಟ್‌ನ ಕೈಕೆಳಗೇ ಕೆಲಸ ಕಲಿತವನು. ಎಂಬತ್ತೈದರ ಡ್ರಾಫ್ಟ್ ದಿನ ಒಳಗೆ ಏನು ನಡೆಯಿತೆಂದು ಒಡೆಸ್ಸಾ ಕೇಳಿದಳು.

"ಆರು ವರ್ಷ ಆಯ್ತು ಮಿಸ್ ಪ್ರೂಯಿಟ್. ಯಾರಿಗೆ ನೆನಪಿರುತ್ತೆ."

"ನೀನು ಆ ಲೆಕ್ಕದ ಪ್ರತಿ ನೋಡಿ ಎಷ್ಟು ದಿನ ಆಯ್ತು?"

"ಮೂರು ವಾರ. ಹಾಯ್ಟ್ ದಕ್ಷಿಣಕ್ಕೆ ಹೋಗಿದ್ದ, ಅದಕ್ಕೆ ಅವನಿಗೆ ತಡವಾಗಿ ಸಿಕ್ತು." ಕೀಲಿ ಗೊಂಚಲನ್ನು ಕೈಯಿಂದ ಕೈಗೆ ಬದಲಿಸುತ್ತ ಗ್ಲೆನ್ ಕಾರು ಹತ್ತಿದ.

ದಾರಿಯುದ್ದಕ್ಕೂ ಕ್ಯಾಸ್ ಗೊಣಗಿದ. ಇಪ್ಪತ್ತು ವರ್ಷದ ಹಿಂದಿನ ಆಟಗಾರನ ಶೂ ಅಳತೆ ಹೇಳಬಲ್ಲವನಿಗೆ ಆ ದಿನ ಮರೆತುಹೋಯಿತೇ? ಲಾಭವೂ ಅವನಿಗೇ, ಕಾರ್ಡು ಬದಲಿಸಿದವನೂ ಅವನೇ. ಇದಕ್ಕೆ ಸೋಮವಾರದವರೆಗೆ ಏಕೆ ಕಾಯಬೇಕು?

"ಅವನು ಸುಳ್ಳು ಹೇಳ್ದ, ನಿಜ," ಎಂದಳು ಒಡೆಸ್ಸಾ. "ಆದ್ರೆ ಸುಳ್ಳು ಹೇಳಿದವನೆಲ್ಲ ಕಳ್ಳ ಅಲ್ಲ. ನಿಧಾನ."

ಸೋಮವಾರ ಹತ್ತಕ್ಕೆ ಡ್ರಾಫ್ಟ್ ಕೋಣೆಯ ಉದ್ದ ಮೇಜಿನ ಸುತ್ತ ಎಲ್ಲರೂ ಸೇರಿದ್ದರು. ತಲೆಯ ಕಡೆಗೆ ಮಿಸೆಸ್ ಲಿಂಡ್‌ಕ್ವಿಸ್ಟ್, ಬೂದು ಕೋಟಿನ ತೆಳ್ಳನೆಯ ಮುದುಕಿ. ಅವಳ ಬಲಕ್ಕೆ ಹಾಲೊವೇ. ಎದುರುಬದುರಾಗಿ ಹಾಯ್ಟ್ ಮತ್ತು ಗ್ಲೆನ್. ಮೂಲೆಯಲ್ಲಿ ನೀಲ್ ಮತ್ತು ನಾರ್ಮಾ. ಕ್ಯಾಸ್ ತನ್ನ ಟ್ರಕ್ಕಿನಲ್ಲಿ ತಂದ ಬೆಂಡಿನ ಹಲಗೆಯನ್ನು ಗೋಡೆಗೊರಗಿಸಿ ಪಕ್ಕದಲ್ಲಿ ನಿಂತಿದ್ದ. ಮಾತು ಆರಂಭವಾಗುವ ಮುಂಚೆ ಹತ್ತು ನಿಮಿಷ ತನಗೆ ಬೇಕೆಂದು ಒಡೆಸ್ಸಾ ಒಡತಿಯನ್ನು ಮೊದಲೇ ಕೇಳಿಕೊಂಡಿದ್ದಳು.

"ಕಾರ್ಡುಗಳನ್ನ ಕಾಯೋಳು ನಾನು ಮೇಡಂ," ಎಂದು ಶುರುಮಾಡಿದಳು. "ಹಾಗಾಗಿ ಅವು ಕೆಟ್ಟರೆ ಮೊದಲು ನಾನೇ ಹೇಳಬೇಕು. ಈ ಪೆಟ್ಟಿಗೇಲಿ ನಾಲ್ಕು ಕಾರ್ಡು ಸುಳ್ಳು."

ಹಾಯ್ಟ್ ತಲೆಯೆತ್ತಿದ. ಗ್ಲೆನ್ ಎತ್ತಲಿಲ್ಲ.

ಅವಳು ಒಂದು ಕಾರ್ಡನ್ನು ತೆಗೆದು ಕಿಟಕಿಗೆ ಹಿಡಿದಳು. ಕಾರ್ಡಿನ ಮೇಲಂಚಿನ ತುಂಬ ಸಣ್ಣ ಸಣ್ಣ ತೂತು, ಒಂದೊಂದರಿಂದಲೂ ಬೆಳಕು ಚುಕ್ಕಿಯಾಗಿ ಇಣುಕುತ್ತಿತ್ತು. ಇನ್ನೊಂದು ಹಿಡಿದಳು, ಅದರಲ್ಲೂ ಹಾಗೇ. ಮೂವತ್ತೆಂಟನ್ನೂ ಹಿಡಿಯುವುದು ಬೇಡವೆಂದು ಒಡತಿ ಕೈಸನ್ನೆ ಮಾಡಿದಳು.

ಎಂಬತ್ತೆಂಟರವರೆಗೆ ಈ ಕೋಣೆಯಲ್ಲಿದ್ದದ್ದು ಈ ಬೆಂಡಿನ ಹಲಗೆ ಎಂದು ಒಡೆಸ್ಸಾ ವಿವರಿಸಿದಳು. ಡ್ರಾಫ್ಟ್‌ಗೆ ಮುಂಚಿನ ಮೂರು ವಾರ ಒಂದೊಂದು ಕಾರ್ಡನ್ನೂ ಅದರ ಮೇಲೆ ಚುಚ್ಚುವರು. ವಾದವಾದಂತೆ ಕಿತ್ತು ಮೇಲಕ್ಕೆ, ಕಿತ್ತು ಕೆಳಕ್ಕೆ ಚುಚ್ಚುವರು. ಹೆಚ್ಚು ಜಗಳವಾದ ಆಟಗಾರನ ಕಾರ್ಡು ಜರಡಿಯಂತಾಗುತ್ತಿತ್ತು. ಆ ವರ್ಷ ಸ್ಟ್ರಿಕ್ಲರ್ ಮತ್ತು ಹೈನ್ಸ್‌ಗಿಂತ ಹೆಚ್ಚು ಜಗಳ ಯಾರ ಮೇಲೆ ಆಗಿರಲು ಸಾಧ್ಯ? ಹೀಗೆಂದು ಆ ನಾಲ್ಕು ಕಾರ್ಡುಗಳನ್ನು ಒಟ್ಟಿಗೆ ಕಿಟಕಿಗೆ ಹಿಡಿದಳು. ಒಂದು ಚುಕ್ಕಿ ಬೆಳಕೂ ಬರಲಿಲ್ಲ.

"ಒಂದು ಸಲಾನೂ ಹಲಗೆ ಹತ್ತದ ಕಾರ್ಡುಗಳು ಇವು. ಇತ್ತೀಚೆಗೆ ಟೈಪಾದವು."

"ಹಾಗಾದ್ರೆ ಯಾರಿಗೆ ಲಾಭ ಅಂತ ನೋಡಿ," ಎಂದ ಹಾಲೊವೇ, ಗ್ಲೆನ್ ಕಡೆ ನೋಡದೆ. "ನಂಗೆ ಹೇಳೋಕೇ ಕಷ್ಟ ಆಗುತ್ತೆ."

"ನನ್ನ ಗೆಳೆಯ ಕ್ಯಾಸ್ ಕೂಡ ಹಾಗೇ ಅಂದ. ಆದ್ರೆ ಗ್ಲೆನ್ ಹತ್ತು ವರ್ಷ ತನ್ನ ಕೈಯಾರ ಕಾರ್ಡು ಚುಚ್ಚಿದವನು. ಸುಳ್ಳು ಕಾರ್ಡು ಮಾಡಿದ್ರೆ ಮೊದಲು ಒಂದು ಗುಂಡುಪಿನ್ ಹುಡುಕ್ತಿದ್ದ. ಹಾಯ್ಟ್ ಕೂಡ ಅಷ್ಟೇ. ಪಿನ್ ಡಬ್ಬಿ ತರಿಸ್ತಿದ್ದ ನಾರ್ಮಾ, ಹಲಗೆ ಬಿಚ್ಚಿದ ಕ್ಯಾಸ್, ಕಾರ್ಡು ಎತ್ತಿಡೋ ನಾನು, ನಮಗೆಲ್ಲ ತೂತಿನ ವಿಷಯ ಗೊತ್ತು. ಗೊತ್ತಿಲ್ಲದವರು ಕಬ್ಬಿಣದ ಹಲಗೆ ಬಂದ ಮೇಲೆ ಈ ಕೋಣೆಗೆ ಬಂದವರು. ಈ ಮೇಜಿನ ಸುತ್ತ ಅಂಥವರು ಇಬ್ಬರು."

ನೀಲ್ ಬಿಳಿಚಿಕೊಂಡ. ಒಡೆಸ್ಸಾ ಅವನ ಪಟ್ಟಿಯನ್ನೇ ಒಡತಿಯ ಮುಂದಿಟ್ಟಳು. ಹತ್ತು ವರ್ಷದ ಕಾರ್ಡುಗಳಲ್ಲಿ ಎತ್ತರವನ್ನು ಈ ತಂಡದ ರೂಢಿಯಂತೆ ಅಡಿ, ಅಂಗುಲ, ಅರ್ಧ ಅಂಗುಲವೆಂದೇ ಬರೆದಿದೆ. ನೀಲ್‌ಗೆ ಅರ್ಥವಾಗದೆ ಖಾಲಿ ಬಿಟ್ಟದ್ದು ನಾಲ್ಕೇ ಕಾರ್ಡು. ತೂತಿಲ್ಲದ ಅದೇ ನಾಲ್ಕು. ಅವುಗಳಲ್ಲಿ ಎತ್ತರವನ್ನು ನಾಲ್ಕಂಕಿಯಲ್ಲಿ ಬರೆದಿದೆ. ಸ್ಟ್ರಿಕ್ಲರ್ 6034: ಆರಡಿ ಮೂರಂಗುಲ, ಎಂಟರಲ್ಲಿ ನಾಲ್ಕು. ನೀಲ್ ತಾನೇ ಬರೆದಿದ್ದರೆ ತಾನೇ ಪ್ರಶ್ನೆ ಗುರುತು ಹಾಕಿಕೊಳ್ಳುತ್ತಿದ್ದನೇ? ಆಮೇಲೆ ಪುಸ್ತಕದಿಂದ ಹಾಲೊವೇಯ ಚೀಟಿ ತೆಗೆದು ಪಕ್ಕದಲ್ಲಿಟ್ಟಳು. 6042.

"ಮಾತುಗಳನ್ನ ಅದಲುಬದಲು ಮಾಡಿ ಹೆಸರು ಬದಲಾಯಿಸಿದ್ರಿ, ಮಿಸ್ಟರ್ ಹಾಲೊವೇ. ಮಾತಿನ ಮೇಲೇ ಗಮನ ಇತ್ತು. ಎತ್ತರ ಯಾರೂ ನೋಡಲ್ಲ ಅಂತ ಕೈ ತನ್ನ ಹಳೇ ಅಭ್ಯಾಸದಂತೆ ಬರೀತು."

ಹಾಲೊವೇ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ನಾಲ್ಕಂಕಿ ಬರೆಯುವ ತಂಡ ತನ್ನದೊಂದೇ ಅಲ್ಲ, ಯಾರು ಬೇಕಾದರೂ ಕಲಿತು ಬರೆದಿರಬಹುದು, ಒಂದು ಚೀಟಿ ಹಿಡಿದು ಮನುಷ್ಯನ ಮಾನ ಕಳೆಯುವುದು ಸರಿಯೇ ಎಂದು ಶಾಂತವಾಗಿಯೇ ಕೇಳಿದ. ಕ್ಯಾಸ್ ಒಡೆಸ್ಸಾಳ ಕಡೆ ನೋಡಿದ. ಆ ಮಾತಿನಲ್ಲೂ ಹುರುಳಿತ್ತು.

"ನಿಜ," ಎಂದಳು ಒಡೆಸ್ಸಾ. "ಕಾಗದ ಇಲ್ಲೀವರೆಗೆ ಮಾತ್ರ ಕರ್ಕೊಂಡು ಬರುತ್ತೆ. ಇನ್ನು ಮುಂದೆ ಮನುಷ್ಯರೇ ಹೇಳಬೇಕು." ಸ್ಟ್ರಿಕ್ಲರ್ ಕಾರ್ಡೊಂದನ್ನು ಮೇಜಿನ ಮೇಲೆ ಗ್ಲೆನ್ ಕಡೆಗೆ ಸರಿಸಿದಳು. "ನಿನ್ನ ಹೆಸರಿರೋ ಕಾರ್ಡು ಗ್ಲೆನ್. ಮೇಡಂಗೆ ಓದಿ ಹೇಳು."

ಗ್ಲೆನ್ ಕಾರ್ಡು ತೆಗೆದುಕೊಂಡ. ಹೆಸರು ಓದಿದ, ತೂಕ ಓದಿದ. "ಇವನು ಕೆಳಗೆ ಬಿದ್ದಾಗ ಮೊದಲು ನೋಡುವುದು," ಎಂದವನು ಅಲ್ಲೇ ನಿಂತ. ಮತ್ತೊಮ್ಮೆ ಮೊದಲಿಂದ ಹಿಡಿದ, ಮತ್ತೆ ಅಲ್ಲೇ ನಿಂತ. ಕೊನೆಗೆ ಕಾರ್ಡನ್ನು ಕವುಚಿ ಹಾಕಿದ.

"ಇದು ಹಾಯ್ಟ್ ಬರೆದದ್ದು," ಎಂದ. "ಕಣ್ಣುಮುಚ್ಚಿ ಆರಿಸಬಹುದು ಅಂದವನು ನಾನು. ಹೈನ್ಸ್ ಬೇಡ ಅಂದವನೂ ನಾನೇ. ಆ ದಿನ ಹಾಯ್ಟ್ ಈ ಮೇಜಿಗೆ ಗುದ್ದಿ ಗುದ್ದಿ ಹೇಳಿದ, ನಾನು ನಕ್ಕಿದ್ದೆ." ಒಡತಿಯ ಕಡೆ ತಿರುಗಿದ. "ಲೆಕ್ಕದಲ್ಲಿ ತಿರುಗಾಮುರುಗಾ ಬಂದಿದ್ದು ನೋಡಿ ಹಾಲೊವೇ ಹತ್ರ ಹೋದೆ. ಕಾರ್ಡು ಏನು ಹೇಳುತ್ತೋ ಅದೇ ನಿಜ, ಸುಮ್ನಿದ್ರೆ ಮುಖ್ಯಸ್ಥ ನೀನೇ ಅಂದ್ರು. ನಾನು ಸುಮ್ನಿದ್ದೆ."

ಒಡತಿ ಹಾಲೊವೇಯ ಕಡೆ ತಿರುಗಿದಳು. ಅವನು ಇನ್ನು ಅಡಗಿಸಲು ಹೋಗಲಿಲ್ಲ.

"ರೋರಿ ಮ್ಯಾಕಿ ಈ ತಂಡನ ಎತ್ತಿ ನಿಲ್ಲಿಸ್ತಾನೆ ಮೇಡಂ. ನಾನು ಹದಿನೆಂಟು ವರ್ಷ ಈ ಕೆಲಸ ಮಾಡಿದೀನಿ, ಅಂಥವನನ್ನ ಎರಡು ಸಲ ಕಂಡಿದೀನಿ. ಹಾಯ್ಟ್ ಮುಖ್ಯಸ್ಥ ಆದ್ರೆ ಅವನು ಬರ್ತಿರಲಿಲ್ಲ. ನಾನು ನನಗೋ ಗ್ಲೆನ್‌ಗೋ ಮಾಡಿದ್ದಲ್ಲ. ತಂಡಕ್ಕೆ ಮಾಡಿದ್ದು."

"ಆರು ವರ್ಷದ ಹಿಂದೆ ನಮ್ಮ ಯಜಮಾನರಿಗೆ ನಷ್ಟ ಆಗಿದ್ದು ತಪ್ಪು ಅಭಿಪ್ರಾಯದಿಂದ," ಎಂದಳು ಮಿಸೆಸ್ ಲಿಂಡ್‌ಕ್ವಿಸ್ಟ್. "ತಪ್ಪು ಅಭಿಪ್ರಾಯನ ನಾನು ತಡ್ಕೊಳ್ತೀನಿ, ಸುಳ್ಳು ಕಾರ್ಡನ್ನಲ್ಲ. ಕೀಲಿಗಳನ್ನ ಕ್ಯಾಸ್ ಕೈಗೆ ಕೊಟ್ಟು ಹೊರಡಿ."

ಹಾಲೊವೇ ಕೀಲಿಗಳನ್ನು ಗೊಂಚಲಿನಿಂದ ಒಂದೊಂದಾಗಿ ಬಿಡಿಸಿ ಕ್ಯಾಸ್‌ನ ಅಂಗೈಯಲ್ಲಿಟ್ಟು ಹೊರಟ. ಕಳ್ಳನನ್ನು ಹಿಡಿದ ಖುಷಿ ತನಗೇಕೆ ಆಗುತ್ತಿಲ್ಲವೆಂದು ಕ್ಯಾಸ್‌ಗೆ ತಿಳಿಯಲಿಲ್ಲ.

ಗ್ಲೆನ್ ತಾನೂ ಎದ್ದುನಿಂತ. ಹೋಗಬೇಕಾದವನು ತಾನೂ ಎಂದ. ಒಡತಿ ಆ ತೀರ್ಮಾನವನ್ನು ಹಾಯ್ಟ್‌ಗೆ ಬಿಟ್ಟಳು. ಇವತ್ತಿನಿಂದ ಆಯ್ಕೆಯ ಮುಖ್ಯಸ್ಥ ಅವನೇ. ಹಾಯ್ಟ್ ಆ ಗೌರವಕ್ಕೆ ತಲೆಬಾಗಲೂ ಇಲ್ಲ, ನಗಲೂ ಇಲ್ಲ. ನೀಲ್‌ನನ್ನು ಕರೆದು, ಹತ್ತು ವರ್ಷದಲ್ಲಿ ತಾನು ತಪ್ಪಿದ ಹೆಸರುಗಳನ್ನು ಗಟ್ಟಿಯಾಗಿ ಓದಲು ಹೇಳಿದ. ಹನ್ನೊಂದು ಹೆಸರಿದ್ದವು. ಒಂದೊಂದಕ್ಕೂ ತಲೆಯಾಡಿಸುತ್ತ ಕೇಳಿದ.

"ಸ್ಟ್ರಿಕ್ಲರ್ ವಿಷಯದಲ್ಲಿ ನೀನು ತಪ್ಪಿದೆ ಅಂತ ನಂಗೆ ಸಿಟ್ಟಿಲ್ಲ ಗ್ಲೆನ್," ಎಂದ. "ನಂದೇ ಹನ್ನೊಂದಿದೆ. ಆದ್ರೆ ಮೂರು ವಾರದಿಂದ ನಿಜ ಗೊತ್ತಿದ್ದೂ ನಂಗೆ ತಲೆ ಕೆಟ್ಟಿದೆ ಅಂತ ಜನ ಅನ್ನೋಕೆ ಬಿಟ್ಟೆಯಲ್ಲ, ಅದನ್ನ ಮರೆಯೋಕೆ ನಂಗೆ ಸ್ವಲ್ಪ ಕಾಲ ಬೇಕು. ಈಗ ಕೂತ್ಕೋ. ಆ ಮ್ಯಾಕಿ ಹುಡುಗನ ಬಗ್ಗೆ ನೀನು ಏನಂತೀಯ? ಹಾಲೊವೇಗೆ ಹೇಳಿದ್ದಲ್ಲ. ನೀನು ಕಂಡಿದ್ದು."

ಗ್ಲೆನ್ ಮತ್ತೆ ಕೂತ. ಆ ಹುಡುಗ ಒಳ್ಳೆಯವನೆಂದೇ ತನ್ನ ಎಣಿಕೆ ಎಂದ. ಹಾಯ್ಟ್ ನೋಡಿದ ದಿನ ಅವನ ಪಕ್ಕೆಲುಬಿಗೆ ಪೆಟ್ಟಾಗಿತ್ತು, ಯಾರಿಗೂ ಹೇಳದೆ ಆಡಿದ್ದ. ಅದು ತನಗೆ ತಿಳಿದದ್ದು ಅವನ ಜೊತೆ ಆಡುವವನೊಬ್ಬನ ಅಮ್ಮನಿಂದ. ಹಾಯ್ಟ್ ಗದ್ದ ಕೆರೆದುಕೊಂಡ. ಅದು ತನಗೆ ಗೊತ್ತಿರಲಿಲ್ಲ ಎಂದ. ಮರುದಿನ ಬೆಳಗ್ಗೆ ಇಬ್ಬರೂ ಒಂದೇ ಕಾರಿನಲ್ಲಿ ಓಹಾಯೋದ ದಕ್ಷಿಣಕ್ಕೆ ಹೊರಟರು.

ನಾಲ್ಕು ದಿನದ ಮೇಲೆ ಹಾಯ್ಟ್ ಫಿಲ್ಮ್ ಕೋಣೆಗೆ ಬಂದು ಮ್ಯಾಕಿಯ ಕಾರ್ಡು ಕೇಳಿ ಪಡೆದ. ಅದರ ಮೇಲೆ ಮೊದಲು ಟೈಪಾಗಿದ್ದ ತನ್ನ 'ಬೇಡ'ವನ್ನು ಅಳಿಸಲಿಲ್ಲ. ಒಂದು ಗೆರೆ ಎಳೆದು, ಕೆಳಗೆ ಪೆನ್ನಿನಿಂದ ಬರೆದ: 'ನಾನು ಪೂರ್ತಿ ನೋಡಿರಲಿಲ್ಲ. ಮತ್ತೆ ಎರಡು ದಿನ ನೋಡಿದೆ. ಆರಿಸಬಹುದು.' ಕೆಳಗೆ ಹೆಸರು, ತಾರೀಕು. ಡ್ರಾಫ್ಟ್ ದಿನ ಪೈಲಟ್ಸ್ ಮೊದಲ ಸರದಿಯಲ್ಲಿ ರೋರಿ ಮ್ಯಾಕಿಯ ಹೆಸರನ್ನೇ ಕೂಗಿದರು.

ಕಾರ್ಡುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ ಒಡೆಸ್ಸಾಳ ಮುಂದೆ ಕ್ಯಾಸ್ ಬಂದು ನಿಂತ.

"ಹಾಗಾದ್ರೆ ಹಾಲೊವೇ ಹೇಳಿದ್ದೇ ಸರಿ ಇತ್ತಾ, ಮಿಸ್ ಒಡೆಸ್ಸಾ?"

"ಹುಡುಗನ ವಿಷಯದಲ್ಲಿ ಸರಿ ಇತ್ತೋ ಏನೋ. ಅದು ಇನ್ನೂ ಮೂರ್ನಾಲ್ಕು ವರ್ಷ ಆದ ಮೇಲೆ ಗೊತ್ತಾಗುತ್ತೆ." ಅವಳು ಮ್ಯಾಕಿಯ ಕಾರ್ಡನ್ನು ಒಮ್ಮೆ ಓದಿ ತನ್ನ ಜಾಗದಲ್ಲಿಟ್ಟಳು. "ಹಾಯ್ಟ್ ವಿಷಯದಲ್ಲಿ ಅವನು ತಪ್ಪಿದ್ದ, ಕ್ಯಾಸ್. ಇನ್ನೊಂದ್ಸಲ ಹೋಗಿ ನೋಡು ಅಂತ ಒಂದು ಮಾತು ಹೇಳಿದ್ರೆ ಈ ಮುದುಕ ಹೋಗಿ ನೋಡ್ತಿದ್ದ. ಹಾಲೊವೇ ಅಷ್ಟು ಜನರನ್ನ ತೂಗಿದವನು, ಪಕ್ಕದ ಕೋಣೇಲಿದ್ದ ಮನುಷ್ಯನನ್ನ ತೂಗಲೇ ಇಲ್ಲ."